ಗಿಟಾರಿನ ಬಣ್ಣ ಕಲೆಕಲೆಯಾದರೆ ಏನು ಮಾಡಬೇಕು?

ಕೈಯಾರೆ ಗಿಟಾರು ಕಟ್ಟಿಕೊಳ್ಳುವ ಹವ್ಯಾಸಿಗಳು ನಮ್ಮಲ್ಲಿಯೂ ಉಂಟು. ಭವಾನಿ ಪೇಠೆಯ ಟಿಂಬರ್ ಮಾರ್ಕೆಟಿನಿಂದ ಹಲಗೆ ತಂದು ಕೆಲವರು ಮಾಡಿದರೆ, ಬಿಡಿಭಾಗಗಳ ಪೆಟ್ಟಿಗೆ ತರಿಸಿ ಜೋಡಿಸುವವರು ಕೆಲವರು. ಕೊಯ್ಯುವುದು, ಕೆತ್ತುವುದು, ಅಂಟಿಸುವುದು ಎಲ್ಲವೂ ಸಾಂಗವಾಗಿ ಮುಗಿಯುತ್ತದೆ. ಕೊನೆಗೆ ಬಣ್ಣದ ಬಟ್ಟೆ ಸೋಕಿದಾಗ ಒಂದು ಕಡೆ ಕಡುಗಂದು, ಮತ್ತೊಂದು ಕಡೆ ಬಿಳಿಚು, ನಡುವೆ ಮಸಿಯಂಥ ಮಚ್ಚೆ. ಮೂರು ತಿಂಗಳ ಸಂಜೆಗಳ ದುಡಿಮೆಯೂ ಸಂಬಳದಲ್ಲಿ ಉಳಿಸಿದ ಹಣವೂ ಹಾಳಾಯಿತೆಂದು ಮನಸ್ಸು ಕುಗ್ಗುವುದು ಸಹಜ. ಆದರೆ ಈ ದೋಷಕ್ಕೆ ಕಾರಣಗಳಿವೆ, ಕಾರಣ ತಿಳಿದರೆ ಪರಿಹಾರವೂ ಇದೆ.

ಕಾರಣಗಳು

ಮರವು ಬಣ್ಣವನ್ನು ಹೀರಿಕೊಳ್ಳುವುದು ತನ್ನ ಸೂಕ್ಷ್ಮ ರಂಧ್ರಗಳ ಮೂಲಕ. ಒಂದೇ ಹಲಗೆಯಲ್ಲಿಯೂ ಈ ರಂಧ್ರಗಳು ಎಲ್ಲ ಕಡೆ ಸಮನಾಗಿರುವುದಿಲ್ಲ. ಎಳೆಗಳು ಅಡ್ಡ ಕೊಯ್ದು ತೆರೆದಿರುವ ತುದಿಮುಖವು ಹೆಚ್ಚು ಹೀರಿ ಕಪ್ಪಾಗುತ್ತದೆ. ಪೈನ್, ಮೇಪಲ್ ಮುಂತಾದ ಮರಗಳಲ್ಲಿ ಈ ಏರುಪೇರು ಎದ್ದು ಕಾಣುತ್ತದೆ.

ಎರಡನೆಯದು ಅಂಟು. ಜೋಡಣೆಯಿಂದ ಹೊರಬಂದ ಫೆವಿಕಾಲನ್ನು ಬೆರಳಿನಿಂದ ಒರಸಿಬಿಟ್ಟರೆ ಅದು ತೆಳ್ಳಗೆ ಹರಡಿ ರಂಧ್ರಗಳನ್ನು ಮುಚ್ಚುತ್ತದೆ. ಅಲ್ಲಿ ಬಣ್ಣ ಹತ್ತುವುದೇ ಇಲ್ಲ. ಬಿಳಿಚು ಮಚ್ಚೆಗಳಿಗೆ ಹೆಚ್ಚಾಗಿ ಇದೇ ಮೂಲ.

ಮೂರನೆಯದು ಪಾಲಿಶ್ ಪೇಪರಿನ ಉಜ್ಜುವಿಕೆ. ಕೈ ಸುಲಭವಾಗಿ ಹೋಗುವ ಕಡೆ ಹೆಚ್ಚು, ಬಾಗಿದ ಬದಿಗಳಲ್ಲಿ ಕಡಿಮೆ ಉಜ್ಜಿದರೆ ಒರಟಾದ ಭಾಗವು ಹೆಚ್ಚು ಬಣ್ಣ ಹಿಡಿಯುತ್ತದೆ. ನಾಲ್ಕನೆಯದು, ಹಚ್ಚಿದ ಬಣ್ಣ ಒಣಗುವುದಕ್ಕೆ ಮುಂಚೆ ಹೆಚ್ಚಾದುದನ್ನು ಒರಸದೆ ಬಿಡುವುದು.

ಮೊದಲು ಪರೀಕ್ಷೆ

ಸುಲಭವಾಗಿ ಕಣ್ಣಿಗೆ ಬೀಳದ ಕಡೆ, ಸ್ಪಿರಿಟಿನಲ್ಲಿ ಅದ್ದಿದ ಬಟ್ಟೆಯಿಂದ ಒರಸಿ ನೋಡಿರಿ. ಮೈ ಅಂಟಂಟಾದರೆ ಮೇಲೆ ಅರಗಿನ ಪಾಲಿಶ್ ಇದೆ. ಅದನ್ನು ಸ್ಪಿರಿಟಿನಿಂದಲೇ ತೊಳೆದು ತೆಗೆಯಬಹುದು. ಬಟ್ಟೆಗೆ ಬಣ್ಣ ಮಾತ್ರ ಹತ್ತಿದರೆ ಅದು ಸ್ಪಿರಿಟಿನಲ್ಲಿ ಕರಗುವ ಬಣ್ಣ. ಸ್ಪಿರಿಟಿಗೆ ಬಗ್ಗದೆ ಟರ್ಪೆಂಟೈನಿಗೆ ಬಣ್ಣ ಬಿಟ್ಟರೆ ಅದು ಎಣ್ಣೆಯ ಬಣ್ಣ. ಯಾವುದಕ್ಕೂ ಬಗ್ಗದೆ ಗಟ್ಟಿಯಾಗಿ ಹೊಳೆಯುತ್ತಿದ್ದರೆ ಮೇಲೆ ವಾರ್ನಿಷ್ ಅಥವಾ ಪಾಲಿಯುರೆಥೇನ್ ಕೂತಿದೆಯೆಂದು ತಿಳಿದು, ಅದನ್ನು ಮೊದಲು ಉಜ್ಜಿ ತೆಗೆಯಬೇಕು.

ಪರಿಹಾರದ ಕ್ರಮ

ಕಪ್ಪಾದ ಭಾಗಗಳನ್ನು ಆಯಾ ದ್ರವದಲ್ಲಿ ಅದ್ದಿದ ಬಟ್ಟೆಯಿಂದ ಎಳೆಯ ಗುಂಟ ಒರಸುತ್ತ ಬನ್ನಿರಿ, ಬಟ್ಟೆಯನ್ನು ಆಗಾಗ ಬದಲಿಸಿರಿ. ಅರ್ಧ ದೋಷ ಇಷ್ಟರಿಂದಲೇ ಇಳಿಯುವುದುಂಟು.

ಅಂಟಿನ ಮಚ್ಚೆಗಳಿಗೆ ಬಿಸಿನೀರಿನಲ್ಲಿ ಹಿಂಡಿದ ಬಟ್ಟೆಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಅಂಟು ಮೆತ್ತಗಾಗುತ್ತದೆ. ಆಗ ಬ್ಲೇಡಿನ ಅಂಚಿನಿಂದ ಹಗುರಾಗಿ ಕೆರೆದು ತೆಗೆಯಬೇಕು. ನೀರು ಜೋಡಣೆಯೊಳಗೆ ಇಳಿಯದಂತೆ ಎಚ್ಚರವಿರಲಿ. ಒಂದು ದಿನ ಒಣಗಲು ಬಿಡಿರಿ.

ಬಳಿಕ ಕಾಗದವನ್ನು ಸಪಾಟಾದ ಮರದ ತುಂಡಿಗೆ ಸುತ್ತಿಕೊಂಡು ೧೨೦, ೧೮೦, ೨೨೦ ನಂಬರಿನ ಕ್ರಮದಲ್ಲಿ ಇಡೀ ಮೈಯನ್ನು ಸಮನಾಗಿ, ಎಳೆಯ ಗುಂಟವೇ ಉಜ್ಜಬೇಕು. ಇಲ್ಲಿ ಒಂದು ಮಾತನ್ನು ಮರೆಯತಕ್ಕದ್ದಲ್ಲ. ಪೊಳ್ಳು ಗಿಟಾರಿನ ಮೇಲ್ಹಲಗೆಯ ದಪ್ಪವೇ ಸುಮಾರು ೩ ಮಿಲಿಮೀಟರು. ಅದು ಪ್ಲೈವುಡ್ಡಾಗಿದ್ದರೆ ಮೇಲಿನ ಪದರು ಒಂದು ಮಿಲಿಮೀಟರಿಗಿಂತಲೂ ತೆಳು. ಬಣ್ಣವೆಲ್ಲ ಹೋಗಲೇಬೇಕೆಂದು ಹಟಹಿಡಿದು ಉಜ್ಜಿದರೆ ಹಲಗೆ ಸವೆದು ವಾದ್ಯವೇ ಕೆಡುತ್ತದೆ. ಕಪ್ಪು ತಿಳಿಯಾದರೆ ಸಾಕು. ಉಳಿದುದನ್ನು ಮುಂದಿನ ಹಂತ ನೋಡಿಕೊಳ್ಳುತ್ತದೆ.

ಅರಗಿನ ಉಪಕಾರ

ಮುಂದಿನ ಹಂತದ ಸಾಧನ ನಮ್ಮ ದೇಶದ್ದೇ ಆದ ಅರಗು. ಮುತ್ತುಗ, ಬೋರೆ, ಕುಸುಮ ಮುಂತಾದ ಮರಗಳ ರೆಂಬೆಗಳ ಮೇಲೆ ಒಂದು ಸಣ್ಣ ಕೀಟವು ಸ್ರವಿಸುವ ರಾಳವೇ ಅರಗು. ಅದನ್ನು ಶುದ್ಧಮಾಡಿ ತೆಳು ಹಾಳೆಯಾಗಿ ಎಳೆದು ಪುಡಿಗೈದದ್ದನ್ನು ಪೇಟೆಯಲ್ಲಿ ಚಪಡಾ ಎನ್ನುತ್ತಾರೆ. ಇದರ ಸಂಶೋಧನೆಗೆಂದೇ ರಾಂಚಿಯ ಬಳಿ ೧೯೨೪ರಲ್ಲಿ ಒಂದು ಸಂಸ್ಥೆ ಹುಟ್ಟಿತು. ಚನ್ನಪಟ್ಟಣದ ಗೊಂಬೆಗಳಿಗೆ ಮೆರುಗು ಕೊಡುವುದೂ ಅರಗೇ.

ಪುಣೆಯಿಂದ ಬೆಳಗಾವಿಯ ಕಡೆಗೆ ಊರಿಗೆ ಹೋಗುವಾಗ ನಮ್ಮಲ್ಲಿ ಹಲವರ ಗಾಡಿ ಮೀರಜ ಜಂಕ್ಷನ್ನಿನಲ್ಲಿ ನಿಲ್ಲುತ್ತದೆ. ಆ ಊರಿನ ಸಿತಾರ, ತಂಬೂರಿಗಳು ದೇಶದಲ್ಲೆಲ್ಲ ಹೆಸರಾದವು; ೨೦೨೪ರಲ್ಲಿ ಎರಡಕ್ಕೂ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ಅವುಗಳ ಮರ ಬರುವುದು ಕರ್ನಾಟಕದ ಕಾಡುಗಳಿಂದ, ಬುರುಡೆ ಬರುವುದು ಮಂಗಳವೇಢೆಯ ಕಡೆಯಿಂದ. ಇಂಥ ವಾದ್ಯಗಳಿಗೆ ವಾಡಿಕೆಯಾಗಿ ಬಳಿಯುವುದು ಸ್ಪಿರಿಟಿನಲ್ಲಿ ಕರಗಿಸಿದ ಅರಗನ್ನು. ಒಮ್ಮೆಲೇ ದಪ್ಪಗೆ ಬಳಿಯದೆ, ಬಟ್ಟೆಯ ಉಂಡೆಯಿಂದ ತೆಳುವಾಗಿ ಮೇಲಿಂದ ಮೇಲೆ ತೀಡುವುದೇ ಈ ಕಸುಬಿನ ಗುಟ್ಟು. ಮೈಮೇಲಿನ ಪದರು ದಪ್ಪವಾದಷ್ಟೂ ಹಲಗೆಯ ಕಂಪನ ಕುಗ್ಗುವುದರಿಂದ ನಾದದ ದೃಷ್ಟಿಯಿಂದಲೂ ಇದು ಒಳ್ಳೆಯದು.

ಹವ್ಯಾಸಿಗಳು ಮಾಡಬೇಕಾದುದಿಷ್ಟು. ಅರ್ಧ ಲೀಟರು ಸ್ಪಿರಿಟಿಗೆ ೩೦ ಗ್ರಾಂ ಚಪಡಾ ಹಾಕಿ ಗಾಜಿನ ಸೀಸೆಯಲ್ಲಿ ಒಂದು ರಾತ್ರಿ ಬಿಡಿರಿ. ಕಬ್ಬಿಣದ ಡಬ್ಬಿಯಲ್ಲಿಟ್ಟರೆ ದ್ರಾವಣ ಕಪ್ಪಾಗುತ್ತದೆ. ಸೋಸಿ, ಇಡೀ ಮೈಗೆ ಒಂದು ತೆಳು ಕೈ ಹಚ್ಚಿರಿ, ತುದಿಮುಖಗಳಿಗೆ ಎರಡು ಕೈ. ರಂಧ್ರಗಳು ಅರೆಮುಚ್ಚಿ, ಇನ್ನು ಮುಂದೆ ಎಲ್ಲ ಕಡೆಯೂ ಹೀರುವಿಕೆ ಹೆಚ್ಚುಕಡಿಮೆ ಒಂದೇ ಆಗುತ್ತದೆ. ಎರಡು ತಾಸಿನ ಬಳಿಕ ೩೨೦ ನಂಬರಿನ ಕಾಗದವನ್ನು ಹಗುರಾಗಿ ಆಡಿಸಿರಿ.

ಈಗ ಉಳಿದ ಅರಗಿನ ದ್ರಾವಣದಲ್ಲಿ ಸ್ಪಿರಿಟಿಗೆ ಕರಗುವ ಬಣ್ಣವನ್ನು ಚಿಟಿಕೆಯಷ್ಟು ಬೆರೆಸಿ, ಮೊದಲು ಬಿಳಿಚಾದ ಕಡೆಗಳಲ್ಲಿ ಮಾತ್ರ ಬಟ್ಟೆಯ ಉಂಡೆಯಿಂದ ತೀಡಿರಿ. ಅವು ಸುತ್ತಲಿನ ಬಣ್ಣಕ್ಕೆ ಸರಿಸಮವಾದ ಮೇಲೆ ಇಡೀ ಮೈಗೆ ಎರಡು ಮೂರು ಕೈ ಕೊಡಿರಿ. ಇಷ್ಟಾದರೂ ಅಂಚಿನಲ್ಲಿ ಕಪ್ಪು ಉಳಿದರೆ ಅಂಚನ್ನೆಲ್ಲ ಸುತ್ತಲೂ ಕಡುಮಾಡಿ, ನಡುವಿಗೆ ಬರುತ್ತ ತಿಳಿಯಾಗಿಸಿಬಿಡಿರಿ. ಕಾರ್ಖಾನೆಯ ಗಿಟಾರುಗಳಲ್ಲಿಯೂ ಸನ್‌ಬರ್ಸ್ಟ್ ಎಂಬ ಹೆಸರಿನಲ್ಲಿ ಈ ಮಾದರಿ ಬಹು ಮೆಚ್ಚಿನದು. ಕೊನೆಗೆ ಬಣ್ಣವಿಲ್ಲದ ಅರಗಿನ ಕೆಲವು ಕೈಗಳು ಮೆರುಗು ತರುತ್ತವೆ. ಮೇಲೆ ಪಾಲಿಯುರೆಥೇನ್ ಬಳಿಯುವ ವಿಚಾರವಿದ್ದರೆ ಮೇಣ ತೆಗೆದ ಚಪಡಾವನ್ನೇ ಕೊಳ್ಳಬೇಕು; ಮೇಣವಿದ್ದರೆ ಅದು ಸರಿಯಾಗಿ ಹಿಡಿಯುವುದಿಲ್ಲ.

ಯಾವ ಹಂತವನ್ನೂ ಮೊದಲು ಅದೇ ಮರದ ಚೂರಿನ ಮೇಲೆ ಮಾಡಿ ನೋಡತಕ್ಕದ್ದು. ತಂತಿ ಕಟ್ಟುವ ಬ್ರಿಜ್ಜನ್ನು ಇನ್ನೂ ಅಂಟಿಸಿರದಿದ್ದರೆ ಆ ಜಾಗಕ್ಕೆ ಕಾಗದದ ಟೇಪು ಹಚ್ಚಿ ಮುಚ್ಚಿರಿ. ಅಂಟು ಬರಿಯ ಮರವನ್ನು ಹಿಡಿಯುತ್ತದೆ, ಪಾಲಿಶನ್ನಲ್ಲ. ತಂತಿಗಳ ಎಳೆತಕ್ಕೆ ಬ್ರಿಜ್ಜು ಕಿತ್ತುಬಂದೀತು.

ಎಚ್ಚರಿಕೆ

ನಮ್ಮಲ್ಲಿ ಅನೇಕರದು ಒಂದೇ ಖೋಲಿಯ ಸಂಸಾರ. ಅಡಿಗೆ, ನಿದ್ದೆ, ಹವ್ಯಾಸ ಎಲ್ಲವೂ ಅಲ್ಲಿಯೇ. ಸ್ಪಿರಿಟಿನ ಆವಿ ಕಣ್ಣಿಗೆ ಕಾಣದು, ಕಿಡಿ ಸೋಕಿದರೆ ಭಗ್ಗನೆ ಹತ್ತುತ್ತದೆ. ಆದಕಾರಣ ಈ ಕೆಲಸವನ್ನು ಗಚ್ಚಿಯ ಮೇಲೋ ಪಡಸಾಲೆಯಲ್ಲೋ ಮಾಡಬೇಕು. ಹತ್ತಿರ ಒಲೆ, ದೀಪ, ಬೀಡಿ ಇರಕೂಡದು. ಪಾಲಿಶಿನ ಸ್ಪಿರಿಟಿನಲ್ಲಿ ವಿಷಕಾರಿಯಾದ ಮೆಥನಾಲ್ ಇರುವುದುಂಟು. ನೀರಿನ ಬಾಟಲಿಯಲ್ಲಿ ಎಂದಿಗೂ ತುಂಬಿಡಬೇಡಿರಿ. ಚೀಟಿ ಅಂಟಿಸಿ ಮಕ್ಕಳ ಕೈಗೆ ಸಿಗದಂತೆ ಇಡಿರಿ. ಅಗಸೆ ಎಣ್ಣೆ ಬೆರೆತ ಬಣ್ಣದ ಬಟ್ಟೆಗಳನ್ನು ಮುದ್ದೆಮಾಡಿ ಮೂಲೆಗೆ ಎಸೆದರೆ ಅವು ತಾವಾಗಿಯೇ ಕಾದು ಹೊತ್ತಿಕೊಳ್ಳುವುದುಂಟು. ಹೊರಗೆ ಅಗಲವಾಗಿ ಹರಡಿ ಒಣಗಿಸಬೇಕು. ಉಜ್ಜುವಾಗ ಮೂಗಿಗೆ ಮಾಸ್ಕು ಇರಲಿ.

ಪುಣೆಯ ಮಳೆಗಾಲದಲ್ಲಿ ಗಾಳಿಯ ತೇವದಿಂದ ಅರಗಿನ ಪಾಲಿಶ್ ಬೆಳ್ಳಗೆ ಮಂಜು ಕವಿದಂತಾಗುತ್ತದೆ. ಜೂನಿನಿಂದ ಸಪ್ಟೆಂಬರದ ತನಕ ಒಣಹವೆಯ ಮಧ್ಯಾಹ್ನವನ್ನೇ ಆರಿಸಿಕೊಳ್ಳಿರಿ, ಇಲ್ಲವೇ ಕಾಯಿರಿ. ಕಲಸಿದ ಅರಗು ಆರು ತಿಂಗಳಿಗಿಂತ ಹಳೆಯದಾದರೆ ಒಂದು ಹನಿಯನ್ನು ಗಾಜಿನ ಮೇಲೆ ಹಾಕಿ ನೋಡಿರಿ. ಮರುದಿನವೂ ಉಗುರಿಗೆ ಅಂಟಿದರೆ ಅದು ಕೆಲಸಕ್ಕೆ ಬಾರದು.

ಬೇಕಾಗುವ ಚಪಡಾ, ಸ್ಪಿರಿಟು, ಕಾಗದಗಳಿಗೆ ಆಗುವ ವೆಚ್ಚ ಹೊಸ ಮರದ ಬೆಲೆಯ ಮುಂದೆ ಅಲ್ಪ. ಬೇಕಾದ ಮುಖ್ಯ ವಸ್ತು ವ್ಯವಧಾನ. ದಿನಕ್ಕೆ ಒಂದು ಹಂತದಂತೆ ಮಾಡಿದರೆ ಒಂದು ವಾರದಲ್ಲಿ ಗಿಟಾರು ಮೈತುಂಬ ಒಂದೇ ಬಣ್ಣ ಹೊದ್ದು ತಂತಿಗೆ ಸಿದ್ಧವಾಗುತ್ತದೆ.