ಕಪ್ ಸವರಿಕೊಂಡು ಹೋಯ್ತಾ?

ಡಬ್ಲ್ಯೂಜಿಟಿ ಗಾಲ್ಫ್ ವಿಡಿಯೊ ಗೇಮ್‌ನಲ್ಲಿ ದೂರದ ಹೊಡೆತಕ್ಕೆ ಹೆದರದವರೂ ಹತ್ತಡಿ ಪಟ್‌ನಲ್ಲಿ ಎಡವುತ್ತಾರೆ. ಗ್ರೀನ್ ಮೇಲಿನ ಗ್ರಿಡ್ ನೋಡಿ. ಗೆರೆಗಳ ಮೇಲೆ ಚುಕ್ಕಿಗಳು ಹರೀತಿವೆ ಅಲ್ವಾ? ಅವು ಹರಿಯೋ ದಿಕ್ಕೇ ಇಳಿಜಾರು. ಚುಕ್ಕಿಗಳು ಬೇಗ ಓಡಿದಷ್ಟೂ ಚೆಂಡು ಜಾಸ್ತಿ ತಿರುಗುತ್ತೆ. ಅದರಲ್ಲೂ ಕಪ್ ಹತ್ತಿರದ ಚುಕ್ಕಿಗಳ ಮೇಲೆ ಕಣ್ಣಿಡಿ; ವೇಗ ಸತ್ತ ಚೆಂಡನ್ನ ಇಳಿಜಾರು ಎಳೆಯೋದೇ ಅಲ್ಲಿ.

ಇನ್ನು ಹೊಡೆತದ ಬಲ ತೋರಿಸೋ ಮೀಟರ್. 12 ಅಡಿ ಪಟ್‌ಗೆ 50 ಅಡಿಯ ಸ್ಕೇಲ್ ಇಟ್ಟರೆ ಕಾಲುಭಾಗದಲ್ಲೇ ನಿಲ್ಲಿಸಬೇಕು, ಕೈ ಸ್ವಲ್ಪ ಜಾರಿದ್ರೂ ಕೆಟ್ಟಿತು. 25ರ ಸ್ಕೇಲ್ ಇದ್ದರೆ ಮೀಟರಿನ ಅರ್ಧದಷ್ಟು ಜಾಗ ಸಿಗುತ್ತೆ. ಏರು ಇದ್ದರೆ ಬಲ ಸೇರಿಸಿ, ಇಳಿಜಾರಾದ್ರೆ ಕಳೀರಿ. ಕೊನೇ ಕ್ಲಿಕ್ ಮೀಟರಿನ ಗೆರೆ ಮೇಲೇ ಬೀಳಬೇಕು, ಇಲ್ಲಾಂದ್ರೆ ಇಷ್ಟೂ ಲೆಕ್ಕ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗೆ! ದುಬಾರಿ ಪಟರ್ ಕೊಳ್ಳೋ ಮಾತು ಆಮೇಲೆ.