ಉದ್ಯೋಗದ ಅಂಕಣದಲ್ಲಿ ಅವ್ವ

ಪರದೇಶಕ್ಕೆ ಬಂದು ನೆಲೆಸಿದ ನಮ್ಮಂಥವರು ಜೀವಮಾನದಲ್ಲಿ ತುಂಬಿದ ಅರ್ಜಿಗಳಿಗೆ ಲೆಕ್ಕವಿಲ್ಲ. ಅವುಗಳಲ್ಲಿ ‘ಉದ್ಯೋಗ’ ಎಂಬ ಅಂಕಣವೊಂದು ಹೆಚ್ಚುಕಡಿಮೆ ಇದ್ದೇ ಇರುತ್ತದೆ. 1993ರಲ್ಲಿ ಪತಿಯೊಡನೆ ನ್ಯೂಜೆರ್ಸಿಗೆ ಬಂದಾಗ ನನ್ನದು ಕೆಲಸ ಮಾಡಲು ಅನುಮತಿಯಿಲ್ಲದ ವೀಸಾ ಆಗಿತ್ತು. ‘ಗೃಹಿಣಿ’ ಎಂದು ಬರೆದೆ. ಅನುಮತಿ ದೊರೆತ ಮೇಲೂ ಮನೆ, ಮಕ್ಕಳು ಎಂದು ಅದನ್ನೇ ಬರೆಯುತ್ತ ಬಂದೆ. ಅದರ ಬಗ್ಗೆ ನನಗೆ ಬೇಸರವೇನೂ ಇಲ್ಲ. ಆದರೆ ಅಂಥದೇ ಅಂಕಣದಲ್ಲಿ ಒಮ್ಮೆ ನಾನು ಬರೆದ ಇನ್ನೊಂದು ಮಾತು ಇಂದಿಗೂ ನನ್ನನ್ನು ಬಾಧಿಸುತ್ತದೆ. ವಿಶ್ವಸಂಸ್ಥೆಯು 2026ನೆಯ ಇಸವಿಯನ್ನು ಅಂತರರಾಷ್ಟ್ರೀಯ ರೈತ ಮಹಿಳಾ ವರ್ಷವೆಂದು ಘೋಷಿಸಿದ ಸುದ್ದಿಯನ್ನು ಓದಿದಾಗ, ಅದನ್ನು ಸಮ್ಮೇಳನಕ್ಕೆ ಬರುವ ಬಂಧುಗಳ ಮುಂದೆ ಹೇಳಿಕೊಳ್ಳಬೇಕೆನಿಸಿತು.

1987ರ ಮಾತು. ಮೈಸೂರಿನಲ್ಲಿ ಬಿ.ಎ. ತರಗತಿಗೆ ಸೇರುವ ಅರ್ಜಿಯಲ್ಲಿ ‘ತಂದೆಯ ಉದ್ಯೋಗ’ ಎಂದಿದ್ದಲ್ಲಿ ‘ವ್ಯವಸಾಯ’ ಎಂದೂ, ‘ತಾಯಿಯ ಉದ್ಯೋಗ’ ಎಂದಿದ್ದಲ್ಲಿ ‘ಏನೂ ಇಲ್ಲ’ ಎಂದೂ ಬರೆದೆ. ಬರೆಯುವಾಗ ಕೈ ತಡೆಯಲಿಲ್ಲ. ಅಂದು ಕಟ್ಟಿದ ಶುಲ್ಕದ ಹಣ ಅವ್ವ ಹಾಲು ಮಾರಿ ಕೂಡಿಟ್ಟದ್ದಾಗಿತ್ತು.

ನಮ್ಮೂರು ಮಂಡ್ಯ ಜಿಲ್ಲೆಯ ನಾಗಮಂಗಲ ತಾಲ್ಲೂಕಿನಲ್ಲಿದೆ. ಮಂಡ್ಯವೆಂದೊಡನೆ ಎಲ್ಲರಿಗೂ ಕಬ್ಬಿನ ಗದ್ದೆ, ಕನ್ನಂಬಾಡಿಯ ನೀರು ಹರಿಯುವ ವಿಶ್ವೇಶ್ವರಯ್ಯ ನಾಲೆ ಕಣ್ಮುಂದೆ ಬರುತ್ತವೆ. ನಮ್ಮದು ಆ ನಾಲೆಯನ್ನು ಕಾಣದ ಸೀಮೆ. ನಾಲ್ಕು ಎಕರೆ ಬೆದ್ದಲು, ಒಂದು ಜೊತೆ ಎತ್ತು, ಎರಡು ಹಸು. ಮಳೆ ಬಂದರೆ ರಾಗಿ, ಬಾರದಿದ್ದರೆ ಹುರುಳಿ. ತನ್ನ ಹುಟ್ಟಿದ ದಿನ ಅವ್ವನಿಗೆ ತಿಳಿಯದು. ಗಾಂಧೀಜಿ ತೀರಿಕೊಂಡಾಗ ತನಗೆ ಆರೋ ಏಳೋ ವರ್ಷವೆಂದು ಹೇಳುತ್ತಿದ್ದಳು. ಹದಿನೈದು ತುಂಬುವುದರೊಳಗೆ ಈ ಮನೆಗೆ ಸೊಸೆಯಾಗಿ ಬಂದು, ಐವರನ್ನು ಹೆತ್ತು, ಮೂವರನ್ನು ಉಳಿಸಿಕೊಂಡಳು. ಹೋದ ಇಬ್ಬರ ವಿಷಯವನ್ನು ಅವಳು ಆಡಿದ್ದನ್ನು ನಾನು ಕೇಳಿಲ್ಲ.

ಉಳುಮೆ ಅಪ್ಪನದು. ಉಳಿದುದರಲ್ಲಿ ಬಹುಪಾಲು ಅವ್ವನದು. ತಿಪ್ಪೆಯ ಗೊಬ್ಬರವನ್ನು ಮಂಕರಿಯಲ್ಲಿ ಹೊತ್ತು ಹೊಲಕ್ಕೆ ಹರಡುವುದು, ಕೂರಿಗೆಯ ಹಿಂದೆ ನಡೆದು ಅಕ್ಕಡಿ ಸಾಲಿಗೆ ಅವರೆ, ಜೋಳ, ಹುಚ್ಚೆಳ್ಳು ಬಿಡುವುದು, ಬಾಗಿದ ಬೆನ್ನು ನೆಟ್ಟಗಾಗದಂತೆ ಕಳೆ ಕೀಳುವುದು, ಕಾರ್ತಿಕದ ಇಬ್ಬನಿಯಲ್ಲಿ ಕುಯ್ಲು, ಕಣದಲ್ಲಿ ರೋಣಗಲ್ಲು ಹರಿದ ಮೇಲೆ ರಾಗಿ ಕೇರುವುದು. ಇದರ ಜೊತೆಗೆ ಬೆಳಗಿನ ಜಾವ ಕೊಟ್ಟಿಗೆ, ನೀರು, ಒಲೆ. ಮಧ್ಯಾಹ್ನ ಹೊಲಕ್ಕೆ ಬುತ್ತಿ. ಸಂಜೆ ಮತ್ತೆ ಕೊಟ್ಟಿಗೆ, ಮತ್ತೆ ಒಲೆ. ಹಾಲು ಕರೆದು ಡೈರಿಗೆ ಹಾಕಿ ಬರುತ್ತಿದ್ದವಳು ಅವಳು. ಸಂಘದ ಪುಸ್ತಕದಲ್ಲಿ ಸದಸ್ಯರ ಹೆಸರು ಮಾತ್ರ ಅಪ್ಪನದು.

ಬೀಜದ ವಿಷಯದಲ್ಲಂತೂ ನಮ್ಮ ಮನೆಯಲ್ಲಿ ಅವ್ವನ ಮಾತೇ ಕೊನೆಯದು. ಕುಯ್ಲಿಗೆ ಮುನ್ನ ಹೊಲದ ನಡುವೆ ತಿರುಗಾಡಿ, ಚೆನ್ನಾಗಿ ತುಂಬಿದ ತೆನೆಗಳನ್ನು ಆರಿಸಿ, ಬೇರೆಯಾಗಿ ಬಡಿದು ಒಣಗಿಸುತ್ತಿದ್ದಳು. ಅವರೆಯ ಬಿತ್ತನೆಕಾಳನ್ನು ಒಲೆಯ ಬೂದಿಯಲ್ಲಿ ಕಲಸಿ, ಮಡಕೆಗೆ ತುಂಬಿ, ಬಾಯಿಯನ್ನು ಮಣ್ಣು ಸೆಗಣಿಗಳಿಂದ ಮೆತ್ತುತ್ತಿದ್ದಳು. ನುಣುಪಾದ ಬೂದಿ ಕಾಳುಗಳ ನಡುವಿನ ಸಂದುಗಳನ್ನು ತುಂಬಿ ಹುಳು ಓಡಾಡದಂತೆ ತಡೆಯುತ್ತದೆ ಎಂಬುದನ್ನು ನಾನು ಪುಸ್ತಕದಲ್ಲಿ ಓದಿ ತಿಳಿದದ್ದು ಬಹಳ ತಡವಾಗಿ.

ಮಂಡ್ಯದ ವಿ.ಸಿ. ಫಾರಂನಲ್ಲಿ ‘ರಾಗಿ ಲಕ್ಷ್ಮಣಯ್ಯ’ ಎಂದೇ ಹೆಸರಾದ ವಿಜ್ಞಾನಿಗಳು ಭಾರತ ಹಾಗೂ ಆಫ್ರಿಕಾದ ರಾಗಿಗಳನ್ನು ಕೂಡಿಸಿ ‘ಇಂಡಾಫ್’ ತಳಿಗಳನ್ನು ರೂಪಿಸಿದ್ದನ್ನು ಹಿರಿಯ ಓದುಗರು ಬಲ್ಲರು. ಆ ಬೀಜವನ್ನು ಅಪ್ಪ ಉತ್ಸಾಹದಿಂದ ತಂದಾಗ, ಮೊದಲ ವರ್ಷ ಹೊಲದ ಒಂದು ಮೂಲೆಗಷ್ಟೇ ಹಾಕಲು ಅವ್ವ ಒಪ್ಪಿದಳು. ತೆನೆ ಕಂಡು ಅಪ್ಪ ಹಿಗ್ಗಿದಾಗ ಅವಳು ಕೇಳಿದ್ದು: “ಕಾಳೇನೋ ಸೈ, ಹುಲ್ಲು ಎಷ್ಟಾಯ್ತದೆ? ದನ ಏನ್ ತಿಂದಾವು?” ಹುಲ್ಲಿನ ಮೆದೆಯನ್ನು ಕಂಡು, ಆ ರಾಗಿಯ ಮುದ್ದೆಯನ್ನು ಉಂಡು ನೋಡಿದ ಮೇಲೆಯೇ ಮರುವರ್ಷ ಪೂರಾ ಹೊಲಕ್ಕೆ ಅಪ್ಪಣೆಯಾಯಿತು. ಕಾಳು, ಮೇವು, ರುಚಿ ಮೂರನ್ನೂ ತೂಗಿ ನೋಡಿ ತೀರ್ಮಾನಿಸಿದ ಆಕೆಯನ್ನೇ ನಾನು ‘ಏನೂ ಇಲ್ಲ’ ಎಂದು ಬರೆದದ್ದು.

ಹೀಗೆ ಬರೆದವಳು ನಾನೊಬ್ಬಳೇ ಅಲ್ಲ. ಹೊಲದಲ್ಲಿ ದುಡಿಯುವ ಹೆಂಗಸರು ಜನಗಣತಿಯಲ್ಲಿ ಬಹುಕಾಲ ಲೆಕ್ಕಕ್ಕೆ ಸಿಗದೆ ಹೋದರು. ಆದುದರಿಂದಲೇ 1991ರ ಗಣತಿಯಲ್ಲಿ, ಸ್ವಂತ ಹೊಲದಲ್ಲಿ ಸಂಬಳವಿಲ್ಲದೆ ಮಾಡುವ ದುಡಿಮೆಯನ್ನೂ ಕೆಲಸವೆಂದೇ ಎಣಿಸಬೇಕೆಂಬ ಮಾತನ್ನು ಪ್ರಶ್ನೆಯಲ್ಲಿಯೇ ಸೇರಿಸಲಾಯಿತು. ಆದರೆ ಗಣತಿಯವರು ಬಾಗಿಲಿಗೆ ಬಂದಾಗ ಉತ್ತರ ಹೇಳುವವರು ನಾವೇ ಅಲ್ಲವೇ?

ನಾನು ಅಮೆರಿಕಕ್ಕೆ ಬಂದ ಹೊಸದರಲ್ಲಿ ಊರಿನ ಅಂಗಡಿಯೊಂದರ ಫೋನಿಗೆ ಕರೆ ಮಾಡಿ, ಅವ್ವನನ್ನು ಕರೆಸಿಕೊಂಡು ಮಾತಾಡಬೇಕಾಗಿತ್ತು. ಅವಳ ಮೊದಲ ಪ್ರಶ್ನೆ ಯಾವಾಗಲೂ ಒಂದೇ: “ಅಲ್ಲಿ ಮಳೆ ಆಯ್ತಾ ಮಗಾ?” ಒಂದು ಸಲ, “ನಿಂಗೆ ಅಲ್ಲಿ ಏನ್ ಕೆಲ್ಸ?” ಎಂದು ಕೇಳಿದಳು. “ಏನೂ ಇಲ್ಲ ಕಣವ್ವ, ಮನೇಲೇ ಇರ್ತೀನಿ” ಎಂದೆ. ಅವ್ವ ನಕ್ಕಳು. “ಮನೇಲಿರೋರ್ಗೆ ಕೆಲ್ಸ ಇಲ್ದೆ ಇದ್ದಾತಾ?” ಎಂದಳು. ನನ್ನ ಅರ್ಜಿಯ ವಿಷಯ ಅವಳಿಗೆ ತಿಳಿದಿರಲಿಲ್ಲ. ಆದರೂ ಸಾವಿರಾರು ಮೈಲಿ ದೂರದಲ್ಲಿ ನನ್ನ ಮುಖ ಕೆಂಪಾಯಿತು.

2009ರಲ್ಲಿ ಅಪ್ಪ ತೀರಿಕೊಂಡರು. ಗಂಡನ ಪಾಲಿನ ಆಸ್ತಿಯಲ್ಲಿ ಹೆಂಡತಿಗೂ ಮಕ್ಕಳಂತೆಯೇ ಹಕ್ಕುಂಟೆಂದು 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಹೇಳುತ್ತದೆ. ಆದರೆ ಪೌತಿ ಖಾತೆಯ ಮಾತು ಬಂದಾಗ ಊರ ಹಿರಿಯರು, “ವಯಸ್ಸಾದವರ ಹೆಸರಿಗೆ ಮಾಡಿಸಿ ನಾಳೆ ಮತ್ತೆ ಬದಲಾಯಿಸೋದು ಯಾಕೆ?” ಎಂದರು. ಅಣ್ಣನಿಗೆ ಅನುಮಾನವಿತ್ತು, ಫೋನಿನಲ್ಲಿ ನನ್ನನ್ನು ಕೇಳಿದ. ನಾನೂ ಹೂಂ ಎಂದೆ. ಅವ್ವ, “ಹೊಲ ಎಲ್ಲೂ ಓಡೋಗಾಕಿಲ್ಲ ಬುಡಿ” ಎಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿದಳು. ಪಹಣಿಯಲ್ಲಿ ಅವಳ ಹೆಸರು ಬರುವ ಒಂದೇ ಒಂದು ಅವಕಾಶ ಹಾಗೆ ಕಳೆದುಹೋಯಿತು.

2018ರ ಡಿಸೆಂಬರ್. ಕಣದ ಕೆಲಸ ನಡೆಯುತ್ತಿತ್ತು. ಹಿಂದಿನ ದಿನ ಬಿಸಿಲಿನಲ್ಲಿ ಕುಳಿತು ಅವರೆ ಬಿಡಿಸಿ, ರಾತ್ರಿ ಉಂಡು ಮಲಗಿದ ಅವ್ವ ಬೆಳಗಿನ ಜಾವ ಏಳಲಿಲ್ಲ. ನ್ಯೂಜೆರ್ಸಿಯಲ್ಲಿ ಆಗಿನ್ನೂ ಹಿಂದಿನ ದಿನದ ಸಂಜೆ. ಅಂದು ಸಂಜೆ ಹೊಲದಂಚಿನ ಹೊಂಗೆಮರದ ಬಳಿ, ಅಪ್ಪನ ಪಕ್ಕದಲ್ಲಿ ಅವಳನ್ನು ಮಣ್ಣು ಮಾಡುವಾಗ ನಾನು ವಿಮಾನದಲ್ಲಿದ್ದೆ. ಈ ಸಂಚಿಕೆಯನ್ನು ಓದುತ್ತಿರುವವರಲ್ಲಿ ಎಷ್ಟೋ ಮಂದಿಗೆ ಈ ಪ್ರಯಾಣದ ಪರಿಚಯವಿದೆ, ಅದನ್ನು ವರ್ಣಿಸಬೇಕಾಗಿಲ್ಲ. ಮಣ್ಣಿಗೆ ಸಿಗದ ಮಗಳು ಮೂರನೆಯ ದಿನದ ಹಾಲುತುಪ್ಪಕ್ಕೆ ಸಿಕ್ಕಿದೆ.

ಅಂದು ಮಧ್ಯಾಹ್ನ ಅತ್ತಿಗೆ ನನ್ನನ್ನು ಅಟ್ಟಕ್ಕೆ ಕರೆದೊಯ್ದು ಬೀಜದ ಮಡಕೆಗಳನ್ನು ತೋರಿಸಿದರು. ಮೆತ್ತಿದ ಮಣ್ಣು ಒಣಗಿತ್ತು. ಅದರ ಮೇಲೆ ಅವ್ವನ ಬೆರಳುಗಳ ಗುರುತುಗಳು ಹಾಗೆಯೇ ಉಳಿದಿದ್ದವು.

ತಿಥಿಯ ಮಾರನೆಯ ದಿನ ಮರಣವನ್ನು ನೋಂದಾಯಿಸಲು ಅಣ್ಣನ ಜೊತೆ ಕಚೇರಿಗೆ ಹೋದೆ. ನಮೂನೆಯಲ್ಲಿ ‘ಮೃತರ ಉದ್ಯೋಗ’ ಎಂಬ ಅಂಕಣವಿತ್ತು. ಓದಿದವಳೆಂದು ಅಣ್ಣ ಲೇಖನಿಯನ್ನು ನನ್ನ ಕೈಗೆ ಕೊಟ್ಟ. ನಾನು ‘ವ್ಯವಸಾಯ’ ಎಂದು ಬರೆದೆ. ಅಲ್ಲಿದ್ದವರು ಕನ್ನಡಕದ ಮೇಲಿಂದ ನೋಡಿ, “ಜಮೀನು ಇವರ ಹೆಸರಲ್ಲಿತ್ತಾ?” ಎಂದರು. “ಇಲ್ಲ” ಎಂದೆ. “ಹಾಗಾದ್ರೆ ಮನೆವಾರ್ತೆ ಅಂತ ಬರೀರಮ್ಮ.” ನನಗೆ ಮಾತು ಹೊರಡಲಿಲ್ಲ. ನಾಲ್ಕು ಜನರ ಮುಂದೆ ಬಾಯಿ ಬಿಡದ ನನ್ನ ಅಣ್ಣ ಹೇಳಿದ: “ಸ್ವಾಮಿ, ಜಮೀನು ನನ್ನ ಹೆಸರಲ್ಲಿ ಐತೆ. ಬೇಸಾಯ ಅವ್ವಂದು. ಬರ್ದಿದ್ದು ಹಂಗೇ ಇರ್ಲಿ.” ಅವರು ಒಂದು ಕ್ಷಣ ಸುಮ್ಮನಿದ್ದು, ಮೊಹರು ಒತ್ತಿದರು.

ಅಂಥ ದೊಡ್ಡ ಗೆಲುವೇನೂ ಅದಾಗಿರಲಿಲ್ಲ. ಮರಣ ಪ್ರಮಾಣಪತ್ರದಲ್ಲಿ ಉದ್ಯೋಗವನ್ನು ನಮೂದಿಸುವುದಿಲ್ಲ. ಆ ವಿವರ ಅಂಕಿ ಅಂಶಗಳ ಲೆಕ್ಕಕ್ಕೆ ಮಾತ್ರ ಹೋಗುತ್ತದೆ. ಎಲ್ಲಿಯೋ ಒಂದು ಕಡತದಲ್ಲಿ ರೈತರ ಸಂಖ್ಯೆಗೆ ಒಂದು ಕೂಡಿರಬಹುದು, ಅಷ್ಟೆ. ಬದುಕಿರುವಾಗ ಪಹಣಿಯಲ್ಲಿ ಸಿಗಬೇಕಾದುದಕ್ಕೆ ಅದು ಸಮನಲ್ಲವೆಂದು ನಾನು ಬಲ್ಲೆ.

ಆ ಬೀಜವನ್ನು ನಾನು ಇಲ್ಲಿಗೆ ತರಲಿಲ್ಲ. ಪರವಾನಗಿಯಿಲ್ಲದೆ ಬಿತ್ತನೆಬೀಜವನ್ನು ತರುವಂತಿಲ್ಲ. 2019ರ ಮುಂಗಾರಿಗೆ ಅತ್ತಿಗೆಯೇ ಮಡಕೆಗಳನ್ನು ಒಡೆದು ಬಿತ್ತಿಸಿದರು. ವಾರಕ್ಕೊಮ್ಮೆ ಫೋನು ಮಾಡಿದಾಗ ಈಗ ಅತ್ತಿಗೆ ಮಳೆಯ ಸುದ್ದಿ ಹೇಳುತ್ತಾರೆ. ಹೋದ ಸಲ ಊರಿಗೆ ಹೋದಾಗ, ಹೊಲದಲ್ಲಿ ಅವರಿಗೂ ಒಂದು ಪಾಲನ್ನು ಅವರ ಹೆಸರಿಗೇ ಮಾಡಿಸಬೇಕೆಂದು ಅಣ್ಣನನ್ನು ಕೇಳಿದೆ. ಅಣ್ಣ ತಕ್ಷಣ ಉತ್ತರ ಕೊಡಲಿಲ್ಲ, ಬೇಡವೆಂದೂ ಹೇಳಲಿಲ್ಲ. ಕೇಳುವುದನ್ನು ನಾನು ಬಿಟ್ಟಿಲ್ಲ.

ಬಂಧುಗಳೇ, ನಮ್ಮಲ್ಲಿ ಅನೇಕರು ಅಂಥ ತಾಯಂದಿರು ಕಟ್ಟಿದ ಶುಲ್ಕದಲ್ಲಿ ಓದಿ ಇಲ್ಲಿಯವರೆಗೆ ಬಂದವರು. ಮೊಮ್ಮಕ್ಕಳು ಶಾಲೆಗಾಗಿ ವಂಶವೃಕ್ಷ ಬರೆಯುವಾಗ, ಅಜ್ಜಿ ಏನು ಮಾಡುತ್ತಿದ್ದರೆಂದು ನಮ್ಮನ್ನೇ ಕೇಳುತ್ತಾರೆ. ಆಗ ‘ಏನೂ ಇಲ್ಲ’ ಎನ್ನದಿರೋಣ. ಅವರು ಎಷ್ಟು ಎಕರೆ ಬೆಳೆದರು, ಎಷ್ಟು ಹಸು ಕರೆದರು, ಯಾವ ಬೀಜ ಉಳಿಸಿದರು ಎಂಬುದನ್ನು ನೆನಪಿರುವಷ್ಟಾದರೂ ಹೇಳಿ ಬರೆಸೋಣ.