ಉಪ್ಪುನೀರಿನ ಪೂಲ್: ಹೊಸ ಸೆಲ್ ಕೊಳ್ಳುವ ಮುನ್ನ
ಡಲ್ಲಾಸ್, ಫೀನಿಕ್ಸ್ ಕಡೆ ಪೂಲ್ ಇರುವ ಮನೆ ಕೊಂಡವರಿಗೆ ಈ ಖರ್ಚು ಇಂದಲ್ಲ ನಾಳೆ ಬಂದೇ ಬರುತ್ತದೆ. ನೀರಲ್ಲಿ ಕ್ಲೋರಿನ್ ಇಲ್ಲ, "ಸೆಲ್ ಹೋಗಿದೆ" ಎಂಬ ಮಾತು. ಹೊಸದಕ್ಕೆ ನೂರಾರು ಡಾಲರ್. ಕಾರ್ಡ್ ತೆಗೆಯುವ ಮುನ್ನ ಅಗ್ಗದ ಕಾರಣಗಳನ್ನು ನೋಡಿಬಿಡಿ.

ಚಳಿಗಾಲವೇ? ನೀರು ತೀರಾ ತಣ್ಣಗಾದರೆ ಹಲವು ಯಂತ್ರಗಳು ತಾವಾಗಿಯೇ ಕ್ಲೋರಿನ್ ತಯಾರಿಕೆ ನಿಲ್ಲಿಸುತ್ತವೆ. ಉಪ್ಪನ್ನು ಟೆಸ್ಟ್ ಸ್ಟ್ರಿಪ್‌ನಲ್ಲಿ ಅಳೆಯಿರಿ. ಹೆಚ್ಚಿನವಕ್ಕೆ ಸುಮಾರು 3000 ಪಿಪಿಎಂ ಬೇಕು. ಪ್ಲೇಟ್‌ಗಳ ಮೇಲೆ ಬಿಳಿ ಸುಣ್ಣ ಕಟ್ಟಿದ್ದರೆ ಮ್ಯಾನ್ಯುಯಲ್ ಹೇಳಿದಂತೆ ತೊಳೆಯಿರಿ.

ಕೊನೆಗೆ, ಸಂಜೆ ಕ್ಲೋರಿನ್ ಅಳೆದು, ರಾತ್ರಿಯಿಡೀ ಯಂತ್ರ ಓಡಿಸಿ, ಸೂರ್ಯೋದಯಕ್ಕೆ ಮುಂಚೆ ಮತ್ತೆ ಅಳೆಯಿರಿ. ಏರಿದ್ದರೆ ಸೆಲ್ ಕೆಲಸ ಮಾಡುತ್ತಿದೆ; ಬಹುಶಃ ಸ್ಟೆಬಿಲೈಸರ್ ಕಡಿಮೆಯಾಗಿ ಬಿಸಿಲು ಕ್ಲೋರಿನ್ ತಿನ್ನುತ್ತಿದೆ. ನೀರು ತಿಳಿಯಾಗಿದ್ದೂ ಏರದಿದ್ದರೆ ಮಾತ್ರ ಸೆಲ್ ಮೇಲೆ ಅನುಮಾನಪಡಿ.

ಸೆಲ್ ಸವೆಯುವ ಭಾಗ; ಆಯಸ್ಸು ಸಾಮಾನ್ಯವಾಗಿ 3ರಿಂದ 7 ವರ್ಷ. ಅದರ ಬೆಲೆಯ ಐದನೇ ಒಂದು ಭಾಗವನ್ನು ಪ್ರತಿ ವರ್ಷ ಎತ್ತಿಡಿ.